ದಡ ಮುಟ್ಟುವ ಮೊದಲು

ಶಾಲು ಕುತ್ತಿಗೆಗೆ ಚುಚ್ಚುತ್ತಿತ್ತು. ಬ್ರಹ್ಮಾವರದ ಅಂಗಡಿಯಿಂದ ತರಿಸಿದ ಕೆಂಪಂಚಿನ ಶಾಲು, ಅದರ ಮೇಲೊಂದು ಸೇವಂತಿಗೆ ಮಾಲೆ. ಮಾಲೆಯಿಂದ ಇಳಿದ ಇರುವೆಯೊಂದು ಬಚ್ಚನ ಕಿವಿಯ ಹಿಂದೆ ದಾರಿ ಹುಡುಕುತ್ತಿತ್ತು. ಕೈಯೆತ್ತಿ ಅದನ್ನು ಒರೆಸಿಕೊಳ್ಳಬಹುದೋ ಬಾರದೋ ಅವನಿಗೆ ತಿಳಿಯಲಿಲ್ಲ. ಮೂವತ್ತಾರು ವರ್ಷದ ಬಾಳಿನಲ್ಲಿ ಅವನು ಕುರ್ಚಿಯ ಮೇಲೆ, ಅದೂ ಊರಿನ ಜನಕ್ಕೆಲ್ಲ ಮುಖ ಮಾಡಿ, ಕೂತದ್ದು ಅದೇ ಮೊದಲು.

ಶಾಲೆಯ ಹಜಾರದಲ್ಲಿ ಉಮಾನಾಥ ಮಾಸ್ತರರು ಮಾನಪತ್ರ ಓದುತ್ತಿದ್ದರು. ಅವರು ಊರಿನ ಯುವಕ ಮಂಡಲದ ಕಾರ್ಯದರ್ಶಿ. ನಿನ್ನೆ ಮೊನ್ನೆಯವರೆಗೆ ಆಚೆ ದಡದಲ್ಲಿ ನಿಂತು “ಏ ಬಚ್ಚ, ದೋಣಿ ತಾರಾ” ಎಂದು ಕೂಗುತ್ತಿದ್ದವರು ಇವತ್ತು “ಶ್ರೀಯುತ ಬಚ್ಚ ಅವರು” ಎನ್ನುತ್ತಿದ್ದರು. “ಭೋರ್ಗರೆಯುವ ಪ್ರವಾಹವನ್ನು ಲೆಕ್ಕಿಸದೆ, ಪ್ರಾಣದ ಹಂಗು ತೊರೆದು, ನೀರಿಗೆ ಧುಮುಕಿ, ಮುಳುಗುತ್ತಿದ್ದ ಕುಮಾರಿ ಹರಿಣಾಕ್ಷಿಯನ್ನು ತೋಳಿನಲ್ಲಿ ಎತ್ತಿ ದಡ ಸೇರಿಸಿದ ತಾವು...”

ಧುಮುಕಿ ಎಂಬ ಮಾತು ಬಂದಾಗ ಬಚ್ಚ ತಲೆ ತಗ್ಗಿಸಿದ. ಜನ ಅದನ್ನು ವಿನಯ ಎಂದುಕೊಂಡು ಚಪ್ಪಾಳೆ ತಟ್ಟಿದರು. ತಲೆ ತಗ್ಗಿಸಿದವರೆಲ್ಲ ವಿನಯವಂತರಾಗಿದ್ದರೆ ಲೋಕ ಎಂದೋ ಉದ್ಧಾರವಾಗಿರುತ್ತಿತ್ತು.

ಎದುರಿನ ಸಾಲಿನಲ್ಲಿ ಮಂಜಯ್ಯ ಶೆಟ್ಟರು, ಅವರ ಪಕ್ಕದಲ್ಲಿ ಏಳು ವರ್ಷದ ಮೊಮ್ಮಗಳು ಹರಿಣಾಕ್ಷಿ. ಊರಿನ ಅರ್ಧ ಗದ್ದೆ ಶೆಟ್ಟರದ್ದು. ಅವರ ಕಣ್ಣು ಒದ್ದೆಯಾದದ್ದನ್ನು ಊರು ನೋಡಿದ್ದು ಅಪರೂಪ, ಇವತ್ತು ಒದ್ದೆಯಾಗಿತ್ತು. ಮಗು ಮಾತ್ರ ಬಚ್ಚನ ಮುಖವನ್ನು ಬಿಟ್ಟು ಅವನ ಕೈಗಳನ್ನೇ ನೋಡುತ್ತಿತ್ತು. ಬಚ್ಚ ಕೈಗಳನ್ನು ಶಾಲಿನೊಳಗೆ ಎಳೆದುಕೊಂಡ. ಕಣ್ಣು ತಪ್ಪಿಸಿ ಕಿಟಕಿಯ ಕಡೆ ತಿರುಗಿದರೆ ಅಲ್ಲಿ ಸೀತು ನಿಂತಿದ್ದಳು. ತಲೆಯ ಮೇಲೆ ಮೀನಿನ ಬುಟ್ಟಿ, ಬುಟ್ಟಿ ಹಿಡಿದ ಕೈಯಲ್ಲಿ ಮೊಣಕೈವರೆಗೆ ಜಾರಿದ ಹಸಿರು ಗಾಜಿನ ಬಳೆಗಳು. ಒಳಗೆ ಬಂದು ಬುಟ್ಟಿ ಇಳಿಸಿದರೆ ವಾಸನೆ ಎಂದು ಯಾರಾದರೂ ಮೂಗು ಮುಚ್ಚಿಕೊಳ್ಳುತ್ತಾರೆ. ಹಾಗಾಗಿ ಅವಳು ಹೊರಗೇ ನಿಂತು ನಾಲ್ಕು ಮಾತು ಕೇಳಿ, ಎಲೆಯಡಿಕೆ ಉಗುಳಿ, ಪೇಟೆಯ ಕಡೆ ನಡೆದಳು.

ಹೊಳೆಯಲ್ಲಿ ಆ ದಿನ ಏನಾಯಿತೆಂದು ಬಲ್ಲವರು ತಾವಿಬ್ಬರೇ ಎಂದು ಬಚ್ಚ ತಿಳಿದಿದ್ದ.

ಮಾಸ್ತರರು ಮಾನಪತ್ರ ಮಡಿಸಿ ಕನ್ನಡಕ ತೆಗೆದರು. ಅದು ೧೯೬೬ನೇ ಇಸವಿ. ಕಡಲುಗಳನ್ನೇ ಈಜಿ ದಾಟುವವರ ಸುದ್ದಿ ಪೇಪರಿನಲ್ಲಿ ಬರುತ್ತಿದ್ದ ಕಾಲ. “ನಾವೇನು ಕಡಿಮೆ? ಬರುವ ಜನವರಿ ಇಪ್ಪತ್ತಾರಕ್ಕೆ ನಮ್ಮ ಹೊಳೆಯನ್ನು ಈ ದಡದಿಂದ ಆ ದಡಕ್ಕೆ ಈಜಿ ದಾಟುವ ಸ್ಪರ್ಧೆ ಏರ್ಪಡಿಸಿದ್ದೇವೆ. ಎಲ್ಲರಿಗಿಂತ ಮೊದಲು ನೀರಿಗಿಳಿಯುವವರು ಶ್ರೀಯುತ ಬಚ್ಚ ಅವರು” ಎಂದರು. ಮತ್ತೆ ಚಪ್ಪಾಳೆ. ಇರುವೆ ಕಚ್ಚಿತು.

ಬಚ್ಚನಿಗೆ ಈಜು ಬರುತ್ತಿರಲಿಲ್ಲ.

ಹೊಸಕಡವಿನಲ್ಲಿ ಜನರನ್ನು ಹೊಳೆ ದಾಟಿಸುವವನಿಗೆ, ಅದೂ ಮೀನುಗಾರರ ಮನೆಯಲ್ಲಿ ಹುಟ್ಟಿದವನಿಗೆ, ಈಜು ಬಾರದಿರಬಹುದು ಎಂಬ ಅನುಮಾನ ಯಾರಿಗೂ ಬರುವುದಿಲ್ಲ. ಅವನು ಹೊಟ್ಟೆಯಲ್ಲಿದ್ದಾಗ ಕಡಲಿಗೆ ಹೋದ ಅಪ್ಪ ಮರಳಿ ಬರಲಿಲ್ಲ. ಅಬ್ಬೆ ಮಗನನ್ನು ಮಂಡಿಗಿಂತ ಆಳದ ನೀರಿಗೆ ಇಳಿಯಲು ಬಿಡಲಿಲ್ಲ. ಓರಗೆಯ ಮಕ್ಕಳು ಹೊಳೆಗೆ ಹಾರುವಾಗ ಅವನು ದಡದಲ್ಲಿ ಕೂತು ಅವರ ಚಡ್ಡಿ ಕಾಯುತ್ತಿದ್ದ. ದೊಡ್ಡವನಾದ ಮೇಲೆ ಬಲೆಗೆ ಹೋಗದೆ ದೋಣಿಯ ಗಳ ಹಿಡಿದ. ಬಿದಿರಿನ ಗಳ ನೆಲ ಮುಟ್ಟುವಷ್ಟು ನೀರು, ಹದಿನೈದು ನಿಮಿಷದ ದಾರಿ, ಅಬ್ಬೆಗೂ ಸಮಾಧಾನವಾಯಿತು. ಅವಳು ಸತ್ತ ಮೇಲೆ ಗುಟ್ಟು ತಿಳಿದವರು ಯಾರೂ ಉಳಿಯಲಿಲ್ಲ. ಬಿಜೂರಿನಿಂದ ಮದುವೆಯಾಗಿ ಬಂದ ಹೆಂಡತಿ ಪದ್ದುವಿಗೂ ಗೊತ್ತಿರಲಿಲ್ಲ. ಅವಳು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ.

ಹೊಳೆ ದಾಟುವ ಆ ಕಡವಿನ ದೋಣಿಗೆ ಒಂದು ಕ್ರಮವಿತ್ತು. ಬರೆದಿಟ್ಟದ್ದಲ್ಲ, ಆದರೆ ಎಲ್ಲರಿಗೂ ಗೊತ್ತಿದ್ದದ್ದು. ಶೆಟ್ಟರು ಬಂದರೆ ನಡುವಿನ ಹಲಗೆ ಅವರಿಗೆ. ಉಳಿದವರು ಮುಂದೆ, ಅತ್ತ ಇತ್ತ. ಮೀನಿನ ಹೆಂಗಸರು ಹಿಂದೆ, ಗಳ ಹಿಡಿದ ಬಚ್ಚನ ಕಾಲಬುಡದಲ್ಲಿ, ನೀರು ಒಸರುವ ಕಡೆ. ಇಳಿಯುವಾಗ ಶೆಟ್ಟರು ಏಳುವವರೆಗೆ ಯಾರೂ ಏಳುವ ಹಾಗಿಲ್ಲ. ಅವರು ಎದ್ದ ಮೇಲೆ ಯಾರೂ ಕೂತಿರುವ ಹಾಗಿಲ್ಲ.

ಸೆಪ್ಟೆಂಬರಿನ ಆ ಬೆಳಿಗ್ಗೆ ಆಚೆ ದಡಕ್ಕೆ ಇನ್ನೂ ನಾಲ್ಕು ಮಾರು ಇರುವಾಗ ಮೇಲಿನ ರಸ್ತೆಯಲ್ಲಿ ಬ್ರಹ್ಮಾವರದ ಬಸ್ಸು ಹಾರ್ನ್ ಹೊಡೆಯಿತು. ಬಸ್ಸು ತಪ್ಪೀತೆಂದು ಶೆಟ್ಟರು ಮೊಮ್ಮಗಳ ಕೈ ಹಿಡಿದು ಎದ್ದರು. ದೋಣಿಯಲ್ಲಿದ್ದ ಹನ್ನೊಂದು ಜನವೂ ಎದ್ದರು. ದೋಣಿ ಒಂದು ಮಗ್ಗುಲಿಗೆ ವಾಲಿ ಮಗುಚಿತು. ಮಳೆಗಾಲದ ನೀರು ಆ ದಡದ ಬುಡ ಕೊರೆದು ಎರಡಾಳು ಆಳ ಮಾಡಿತ್ತು. ಶೆಟ್ಟರ ಕೈಯಿಂದ ಮಗುವಿನ ಕೈ ಜಾರಿತು.

ಈಜು ಬಲ್ಲವರು ಈಜಿದರು, ಬಾರದವರು ಮಗುಚಿದ ದೋಣಿಗೆ ಜೋತು, ದಡದ ಬೇರು ಹಿಡಿದು ಹತ್ತಿಕೊಂಡರು, ಶೆಟ್ಟರನ್ನು ಇಬ್ಬರು ಎಳೆದು ಹತ್ತಿಸಿದರು. ಗಳ ಕೈತಪ್ಪಿದ ಬಚ್ಚ ಮುಳುಗಿದ. ಕಣ್ಣಿನ ತುಂಬ ಕೆಸರು ನೀರು. ಕೈಗೆ ಏನೋ ಸಿಕ್ಕಿತು, ಹಿಡಿದ. ಮೊದಲು ಲಂಗದ ಬಟ್ಟೆ, ಆಮೇಲೆ ಒಂದು ಸಣ್ಣ ತೋಳು. ಅದು ಒದೆಯುತ್ತಿತ್ತು, ಕೊಸರುತ್ತಿತ್ತು. ಬಿಡಬೇಕೆಂದು ಅವನಿಗೆ ಗೊತ್ತಿತ್ತು. ಬಿಡಲಿಲ್ಲ. ಅದನ್ನು ಕೆಳಗೆ ಒತ್ತಿದರೆ ತಾನು ಮೇಲೆ ಬರುತ್ತೇನೆ ಎಂಬುದೊಂದೇ ಅವನ ಮೈಗೆ ತಿಳಿದದ್ದು. ಆಗ ಯಾರೋ ಅವನ ತಲೆಗೂದಲು ಹಿಡಿದು ಎಳೆದರು. ಬೆರಳುಗಳನ್ನು ಬಲವಂತದಿಂದ ಬಿಡಿಸಿದರು. ಬೆನ್ನಿಗೆ ಮಂಡಿ ಕೊಟ್ಟು ನೂಕಿದರು. ಕಾಲಿಗೆ ಮರಳು ಸಿಕ್ಕಿದಾಗ ಯಾರೋ ಮಗುವನ್ನು ಅವನ ತೋಳಿಗೆ ತುರುಕಿ ಹೋಗಿಯಾಗಿತ್ತು. ಬಚ್ಚ ಕೆಮ್ಮುತ್ತ ಕಣ್ಣು ಬಿಟ್ಟಾಗ ಸೀತು ಹತ್ತು ಮಾರು ಕೆಳಗೆ, ತೇಲಿಹೋಗುತ್ತಿದ್ದ ತನ್ನ ಬುಟ್ಟಿಯ ಹಿಂದೆ ಈಜುತ್ತಿದ್ದಳು. ದಡದವರಿಗೆ ಕಂಡದ್ದು ಮಗುವನ್ನು ಎತ್ತಿಕೊಂಡು ನಿಂತ ಬಚ್ಚ.

“ಬಚ್ಚ ಹಾರಿ ಹಿಡ್ದ ಕಾಣಿ” ಎಂದು ಯಾರೋ ಹೇಳಿದರು. ಶೆಟ್ಟರು ಸೊಂಟದವರೆಗೆ ನೀರಿಗಿಳಿದು ಬಂದು ಅವನನ್ನು ತಬ್ಬಿಕೊಂಡರು.

ಬಚ್ಚ ಸುಳ್ಳು ಹೇಳಲಿಲ್ಲ, ಸುಮ್ಮನಿದ್ದ ಅಷ್ಟೆ. ಮೊದಲ ದಿನ ಸುಮ್ಮನಿದ್ದದ್ದು ಕೆಮ್ಮಿನಿಂದ. ಎರಡನೆಯ ದಿನ ಶೆಟ್ಟರ ಮನೆಯಿಂದ ಒಣಹುಲ್ಲಿನಲ್ಲಿ ಕಟ್ಟಿದ ಒಂದು ಮುಡಿ ಅಕ್ಕಿ ಬಂತು. ಮೂರನೆಯ ದಿನ ಪದ್ದುವಿನ ಅಬ್ಬೆ ಅಳಿಯನ ಮುಖ ನೋಡಲೆಂದೇ ಬಿಜೂರಿನಿಂದ ಬಂದಳು. ಆಮೇಲೆ ಹೇಳುವ ಹೊತ್ತು ಮೀರಿತು. ದೋಣಿ ಯಾಕೆ ಮಗುಚಿತು ಎಂದು ಮಾತ್ರ ಊರಿನಲ್ಲಿ ಒಬ್ಬರೂ ಕೇಳಲಿಲ್ಲ.

ಸನ್ಮಾನದ ಸಂಜೆ ಪದ್ದು ಶಾಲನ್ನು ಗೋಡೆಯ ಗೂಟಕ್ಕೆ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು.

“ಹ್ವಾಯ್, ನೀವ್ ಇಷ್ಟ್ ಈಜ್ತ್ರಿ ಅಂದೇಳಿ ನಂಗೇ ಗೊತ್ತಿರ್ಲಿಲ್ಲ ಕಾಣಿ. ಒಂದಿನ ಆದ್ರೂ ಹೇಳಿರ್ಲಿಲ್ಲ.”

“ಹೇಳುಕೆ ಎಂತ ಇತ್ತ್ ಅದ್ರಗೆ.”

“ಜನವರಿಗೆ ಅಬ್ಬಿನೂ ಬತ್ತೆ ಅಂದಿದ್ಲ್, ನೀವ್ ಈಜುದ್ ಕಾಂಬುಕೆ.”

ಬಚ್ಚನಿಗೆ ಗಂಜಿ ಉಣ್ಣುವಾಗ ಇನ್ನೊಬ್ಬರ ಎಲೆಯ ಮುಂದೆ ಕೂತು ಉಣ್ಣುತ್ತಿರುವ ಹಾಗೆ ನಾಚಿಕೆಯಾಯಿತು. ಈಗಲೇ ಹೇಳಿಬಿಡಲೇ ಎಂದು ಒಮ್ಮೆ ಅವಳ ಮುಖ ನೋಡಿದ. ಅವಳು ಶಾಲಿನ ಅಂಚಿನ ಮಡಿಕೆ ಸರಿಮಾಡುತ್ತಿದ್ದಳು. ಅವನು ಗಂಜಿಗೆ ಇನ್ನಷ್ಟು ಉಪ್ಪು ಹಾಕಿಕೊಂಡ.

ಮರುದಿನ ಮಧ್ಯಾಹ್ನ, ಕಡವಿಗೆ ಜನ ಬಾರದ ಹೊತ್ತಿನಲ್ಲಿ, ಅವನು ಹೊಳೆಯ ನಡುಗಡ್ಡೆಗೆ, ಕುದ್ರಿಗೆ, ದೋಣಿ ನಡೆಸಿದ. ಸೀತುವಿನ ಮನೆ ಅಲ್ಲಿ. ಗಂಡ ಬಲೆಗೆ ಹೋಗಿದ್ದ. ಅವಳು ಅಂಗಳದಲ್ಲಿ ಚಾಪೆಯ ಮೇಲೆ ಹರವಿದ ಮೀನನ್ನು ಒಂದೊಂದಾಗಿ ಮಗುಚಿ ಹಾಕುತ್ತಿದ್ದಳು. ಐವತ್ತು ದಾಟಿದ ಹೆಂಗಸು; ಸೊಂಟ ಬಗ್ಗಿಸಿದರೆ ಅರ್ಧ ಗಂಟೆ ಎತ್ತುವವಳಲ್ಲ.

“ಸೀತಕ್ಕ, ನಂಗೆ ಈಜು ಕಲ್ಸ್.”

ಅವಳು ತಲೆಯೆತ್ತಲಿಲ್ಲ. “ನೀನ್ ಬತ್ತಿ ಅಂದೇಳಿ ಗೊತ್ತಿತ್ತ್. ಶಾಲ್ ಹೊದ್ಕಂಡೇ ಬತ್ಯಾ ಅಂದ್ ಕಾಂತಿದ್ದಿದ್ದೆ.”

ಬಚ್ಚ ಅಂಗಳದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತ. “ನೀನ್ ಎಂತಕೆ ಯಾರಿಗೂ ಹೇಳ್ಲಿಲ್ಲ?”

“ಹೇಳಿರೆ? ಈಜು ಬಾರದವನ ದೋಣಿ ಯಾರ್ ಹತ್ತುದ್? ಕಡವು ನಿಂತ್ ಹೋರೆ ನಾನ್ ಬುಟ್ಟಿ ಹೊತ್ಕಂಡ್ ಪ್ಯಾಟಿಗೆ ಹ್ಯಾಂಗ್ ಹೋಪ್ದ್?” ಒಂದು ಮೀನು ಮಗುಚಿದಳು. “ಮತ್ತೆ, ನಾನ್ ಹೇಳಿರೆ ಕೇಂಬವ್ರ್ ಯಾರ್?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಬಚ್ಚನಿಗೆ ಹಗುರಾಗುತ್ತಿತ್ತು. ಅವಳು ಕೈ ಕೊಡವಿ ಒಳಗೆ ಹೋಗಿ ಒಂದು ಜೋಡಿ ಕಾಯಿ ತಂದಳು. ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿ, ಒಂದರ ನಾರನ್ನು ಇನ್ನೊಂದರ ನಾರಿಗೆ ಗಂಟು ಹಾಕಿದ್ದು. ಅದರ ನಡುವೆ ಎದೆಯಿಟ್ಟು ತೇಲುತ್ತ ಕುದ್ರಿನ ಮಕ್ಕಳು ನಾಲ್ಕು ವರ್ಷಕ್ಕೆ ಈಜು ಕಲಿಯುತ್ತಾರೆ.

“ಇದ್ ನನ್ನ ಮೊಮ್ಮಗಂದ್” ಎಂದಳು ಸೀತು. “ಅವ ಇದ್ನ ಬಿಟ್ಟ್ ಎರ್ಡ್ ವರ್ಷ ಆಯ್ತ್.”

ಕುದ್ರಿನ ಹಿಂಭಾಗದಲ್ಲಿ, ಉಪ್ಪುನೀರಿನಲ್ಲಿ ಬೇರೂರಿದ ಕಾಂಡ್ಲ ಗಿಡಗಳ ಮರೆಯಲ್ಲಿ ನೀರು ಒಳಗೆ ಬಂದು ನಿಲ್ಲುವ ಜಾಗ. ಮೊದಲ ದಿನ ಬಚ್ಚ ಜೋಡಿ ಕಾಯಿ ಹಿಡಿದು ಇಳಿದವನು ನೀರು ಮಂಡಿಗೆ ಬಂದಾಗ ನಿಂತ. ಮುಂದಿನ ಹೆಜ್ಜೆ ಬರಲಿಲ್ಲ. ಅಬ್ಬೆ ಸತ್ತು ಒಂಬತ್ತು ವರ್ಷವಾಗಿತ್ತು. ಆದರೂ ಬೆನ್ನ ಹಿಂದಿನಿಂದ ಈಗ ಕೂಗುತ್ತಾಳೆ ಅನಿಸಿತು. ಸೀತು ದಡದಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತ ಅವನನ್ನೇ ನೋಡಿದಳು. ಬಹಳ ಹೊತ್ತು ಅವಸರ ಮಾಡಲಿಲ್ಲ.

“ನಿನ್ನ ಅಬ್ಬಿ ನಂಗೂ ಗೊತ್ತಿದ್ದವ್ಳೇ” ಎಂದಳು ಕೊನೆಗೆ. “ಅವ್ಳ್ ಹೆದ್ರದ್ದ್ ನೀರಿಗಲ್ಲ, ನೀನ್ ಹೋಯಿಬಿಡ್ತಿ ಅಂದೇಳಿ. ನೀ ಎಲ್ಲಿಗೂ ಹೋಪ್ದಿಲ್ಲ. ಇಲ್ಲೇ ಕಾಲ್ ಆಡ್ಸ್.”

ಅವನು ಇನ್ನೊಂದು ಹೆಜ್ಜೆ ಇಟ್ಟ.

ಕಲಿಯುವುದು ಸುಲಭವಾಗಲಿಲ್ಲ. ನಾಲ್ಕು ವರ್ಷದ ಮಗುವಿಗೆ ಸಾಯುವುದು ಗೊತ್ತಿಲ್ಲ, ಮೂವತ್ತಾರರ ಗಂಡಸಿಗೆ ಚೆನ್ನಾಗಿ ಗೊತ್ತು. ಕಾಯಿಗಳು ಅವನ ಭಾರಕ್ಕೆ ಮುಳುಗಿ ಒಂದೊಂದು ಕಂಕುಳಿನಿಂದ ಒಂದೊಂದು ಮೇಲೆದ್ದು ಬರುತ್ತಿದ್ದವು. ಮೂಗಿಗೆ ಉಪ್ಪುನೀರು ಹೋಗಿ ನೆತ್ತಿ ಉರಿಯುತ್ತಿತ್ತು. ಅವನ ಎಡಗಾಲು ಸುಮ್ಮನಿದ್ದಾಗಲೆಲ್ಲ ಸೀತು ಒಂದು ಚಿಪ್ಪು ಹೆಕ್ಕಿ ಆ ಕಾಲಿಗೆ ಸರಿಯಾಗಿ ಎಸೆಯುತ್ತಿದ್ದಳು. ಒಮ್ಮೆಯೂ ಗುರಿ ತಪ್ಪಲಿಲ್ಲ. ಮೀಸೆ ಬಂದವನು ಎದೆಗೆ ಜೋಡಿ ಕಾಯಿ ಕಟ್ಟಿಕೊಂಡು ಕಪ್ಪೆಯ ಹಾಗೆ ಕಾಲು ಬಡಿಯುವುದನ್ನು ಒಂದು ದಿನ ಕುದ್ರಿನ ಮೂರು ಮಕ್ಕಳು ಕಂಡುಬಿಟ್ಟವು.

“ದೊಡ್ಡಮ್ಮ, ಬಚ್ಚಣ್ಣ ಎಂತ ಮಾಡ್ತಿದ್ದ?”

“ಕಾಯಿ ತೇಲತ್ತಾ ಇಲ್ಯಾ ಅಂದ್ ಕಾಂತಿದ್ದ. ದೋಣ್ಯಗೆ ಇಡುಕೆ. ಮಗುಚಿರೆ ಬೇಕಾತ್ತಲ್ದಾ” ಎಂದಳು ಸೀತು, ಕಣ್ಣು ಮಿಟುಕಿಸದೆ.

ಮಕ್ಕಳು ಭಕ್ತಿಯಿಂದ ನೋಡಿ ಹೋದವು. ತನ್ನ ಸಲುವಾಗಿ ಈ ಹೆಂಗಸು ಇನ್ನೂ ಎಷ್ಟು ಸುಳ್ಳು ಹೇಳಬೇಕೋ ಎಂದು ಬಚ್ಚ ನೀರಿನಲ್ಲಿ ಮುಖ ಮುಳುಗಿಸಿದ. ಉಸಿರು ಹಿಡಿಯುವುದನ್ನು ಅವನು ಚೆನ್ನಾಗಿ ಕಲಿತದ್ದು ಅಂಥ ಹೊತ್ತುಗಳಲ್ಲೇ.

ಅತ್ತ ಕಡವಿನಲ್ಲಿ ಅವನ ಹೆಸರು ದೊಡ್ಡದಾಗುತ್ತ ಹೋಯಿತು. ಕೆರಾಡಿಯಿಂದ ನೆಂಟರ ಮನೆಗೆ ಬಂದವರೊಬ್ಬರು ತಮ್ಮ ಮಗನನ್ನು ದೋಣಿ ಹತ್ತಿಸುವಾಗ “ಹೆದ್ರಬ್ಯಾಡ, ಬಚ್ಚ ಇದ್ದ” ಎಂದರು. ಅದನ್ನು ಕೇಳಿ ಅವನು ಗಳವನ್ನು ಇನ್ನಷ್ಟು ಆಳಕ್ಕೆ ಊರಿದ. ಸೀತು ಮಾತ್ರ ದಿನಾ ಬಂದು ಅದೇ ಒಸರು ನೀರಿನಲ್ಲಿ, ಅವನ ಕಾಲಬುಡದಲ್ಲಿ ಕೂರುತ್ತಿದ್ದಳು. ಒಂದು ದಿನ ಅವನು ಅಲ್ಲಿಗೆ ಒಂದು ಒಣ ಹಲಗೆ ತಂದು ಹಾಕಿದ. ಅವಳು ಅದರ ಮೇಲೆ ಬುಟ್ಟಿಯಿಟ್ಟು ತಾನು ನೀರಿನಲ್ಲೇ ಕೂತಳು.

ಡಿಸೆಂಬರಿನಲ್ಲಿ ಸೀತು ಗಂಟು ಬಿಚ್ಚಿ ಒಂದು ಕಾಯಿ ತೆಗೆದಳು. ವಾರ ಕಳೆದು ಇನ್ನೊಂದನ್ನೂ ತೆಗೆದಳು. ಬಚ್ಚ ಬರಿಯ ಕೈಕಾಲಿನಲ್ಲಿ ಹತ್ತು ಮಾರು ಈಜಿ, ತಿರುಗಿ ಅಂಗಾತ ತೇಲಿದ. ಕಿವಿಯೊಳಗೆ ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ. ಮೇಲೆ ಆಕಾಶ, ಒಂದು ಗಿಡುಗ. ಇಷ್ಟು ವರ್ಷ ತಾನು ಇದರ ಮೇಲೆ ಗಳ ಹಾಕುತ್ತ ಇದ್ದೆ, ಒಳಗೆ ಇಷ್ಟು ಸುಖವಿದೆಯೆಂದು ತಿಳಿದಿರಲಿಲ್ಲ ಅಂದುಕೊಂಡ. ಆ ಸುಖ ಇದ್ದದ್ದು ಎಲೆಯಡಿಕೆ ಜಗಿಯುವಷ್ಟು ಹೊತ್ತು. ದಡಕ್ಕೆ ಬಂದವನು ಮೈ ಒರೆಸಿಕೊಳ್ಳದೆ ಕೂತ.

“ಸೀತಕ್ಕ, ಆ ದಿನ ನಾನ್ ಆ ಮಗೂನ ಹಿಡ್ದದ್ದ್...”

“ಗೊತ್ತಿತ್ತ್.”

“ಎಂತ ಗೊತ್ತಿತ್ತ್?”

“ನಿನ್ನ ಬೆರಳ್ ಬಿಡ್ಸದ್ದ್ ನಾನಲ್ದಾ. ಮುರ್ದೇ ಹೋತ್ತೇನೋ ಅಂದ್ ಮಾಡಿದ್ದೆ.” ಅವಳು ಎಲೆ ಮಡಿಸಿ ಬಾಯಿಗಿಟ್ಟಳು. “ಮುಳ್ಗುವಾಗ ಕೈಗೆ ಸಿಕ್ಕದ್ದನ್ನ ಹಿಡಿತ್ರ್. ಅದ್ ಕೈಯ ಕೆಲ್ಸ. ಅದಕ್ಕೆ ನಾಚ್ಕಿ ಮಾಡ್ಕಂಬುದ್ ಬ್ಯಾಡ.”

“ಮತ್ತೆ ಯಾವ್ದಕ್ಕೆ ಮಾಡ್ಕಂಬುದ್?”

“ದಡಕ್ಕೆ ಬಂದ್ ಮೇಲಿಂದಕ್ಕೆ.”

ಅವಳು ಅದನ್ನು ಮೀನಿನ ದರ ಹೇಳುವಷ್ಟು ಸಲೀಸಾಗಿ ಹೇಳಿದಳು. ಬಚ್ಚ ತನ್ನ ಬೆರಳುಗಳನ್ನು ನೋಡಿಕೊಂಡ. ಆ ಕ್ಷಣದಲ್ಲೇ ಅವನು ತೀರ್ಮಾನ ಮಾಡಿದ. ಜನವರಿ ಇಪ್ಪತ್ತಾರಕ್ಕೆ ಹೊಳೆ ದಾಟುವುದು. ಆಚೆ ದಡದಲ್ಲಿ ನಿಂತು, ಎಲ್ಲರೆದುರು, ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ಈಜಿ ತೋರಿಸಿದ ಮೇಲೆ ಹೇಳಿದರೆ ದೋಣಿ ಹತ್ತಲು ಯಾರೂ ಹೆದರುವುದಿಲ್ಲ, ಕಡವೂ ನಿಲ್ಲುವುದಿಲ್ಲ. ಸೀತುವಿಗೆ ಸಿಗಬೇಕಾದದ್ದು ಸಿಗುತ್ತದೆ. ಲೆಕ್ಕಾಚಾರ ಚೆನ್ನಾಗಿಯೇ ಇತ್ತು.

ಆ ಜನವರಿ ಇಪ್ಪತ್ತಾರು ಹುಣ್ಣಿಮೆ. ಸೀತು ಬೆರಳು ಮಡಿಸಿ ಲೆಕ್ಕ ಹಾಕಿ, ಹನ್ನೊಂದು ಗಂಟೆಗೆ ಏರುನೀರು ತುಂಬಿ ನಿಲ್ಲುತ್ತದೆ, ಆಗ ಇಳಿದರೆ ಹೊಳೆ ಕೆರೆಯ ಹಾಗಿರುತ್ತದೆ ಎಂದಿದ್ದಳು. ಬಚ್ಚ ಅದನ್ನು ಮಾಸ್ತರರಿಗೂ ಹೇಳಿದ್ದ. ಆದರೆ ಬಾವುಟ ಏರಿಸಿದ ಮೇಲೆ ಭಾಷಣ, ಭಾಷಣಕ್ಕೆ ಇನ್ನೊಂದು ಭಾಷಣ. ನೀರು ಯಾರ ಭಾಷಣವನ್ನೂ ಕೇಳುವುದಿಲ್ಲ. ಈಜುವವರು ಚಡ್ಡಿಯಲ್ಲಿ ನಡುಗುತ್ತ ನಿಂತು, ಕೊನೆಗೆ ಸೀಟಿ ಊದುವಾಗ ಹನ್ನೆರಡು ದಾಟಿತ್ತು. ಹೊಳೆ ಕಡಲಿನ ಕಡೆ ಇಳಿಯತೊಡಗಿತ್ತು.

ಐದು ಜನ ಹುಡುಗರು, ಬಚ್ಚ ಆರನೆಯವನು. ಶೆಟ್ಟರು, ಮಗು, ಮಾಸ್ತರರು, ಪದ್ದು, ಅವಳ ಅಬ್ಬೆ, ಬ್ಯಾಂಡಿನವರು, ಅರ್ಧ ಊರು ಮೊದಲೇ ದಾಟಿ ಆಚೆ ದಡದಲ್ಲಿ ಕಾಯುತ್ತಿದ್ದರು. ಈಜುವವರ ಜೊತೆಗೆ ಒಂದು ದೋಣಿ ಬೇಕಲ್ಲ ಎಂದಾಗ ಸೀತು ಮಾತಿಲ್ಲದೆ ಬಚ್ಚನ ಗಳ ತೆಗೆದುಕೊಂಡಳು.

ಹುಡುಗರು ಗದ್ದಲ ಮಾಡುತ್ತ ಮುಂದೆ ಹೋದರು. ನಡುಹೊಳೆಯಲ್ಲಿ ಇಳಿನೀರು ಬಚ್ಚನ ಸೊಂಟ ಹಿಡಿದು ಎಳೆಯಿತು. ಆ ಹಿಡಿತ ಅವನಿಗೆ ನೆನಪಿತ್ತು. ಬಾಯಿಗೆ ನೀರು ಬಂತು, ತೋಳು ಸೋತವು, ಅಪ್ಪ ಹೋದ ಕಡಲು ಬಲಗಡೆ ಬಿಳಿಯಾಗಿ ಕಾಣುತ್ತಿತ್ತು. ಪಕ್ಕದಲ್ಲಿ, ಕೈಚಾಚಿದರೆ ಸಿಗುವಷ್ಟು ಹತ್ತಿರ, ದೋಣಿ ಬಂತು.

“ಹಿಡ್ಕಂತ್ಯಾ?” ಎಂದಳು ಸೀತು.

ಅವನು ತಲೆಯಾಡಿಸಿ ಬೇಡವೆಂದ. ಆಗ ನೆನಪಾಯಿತು: ಇಳಿನೀರಿನಲ್ಲಿ ದೋಣಿ ನಡೆಸುವಾಗ ಆಚೆ ದಡದ ಕಡವಿನ ಕಲ್ಲನ್ನು ನೋಡಬಾರದು, ಹೊಳೆಯ ಮೇಲ್ಗಡೆಯ ಗೋಳಿಮರವನ್ನು ನೋಡಿ ನಡೆಸಬೇಕು, ಮಿಕ್ಕದ್ದನ್ನು ನೀರೇ ಮಾಡುತ್ತದೆ. ಹದಿನೈದು ವರ್ಷ ದಿನಾ ಮಾಡಿದ ಕೆಲಸ. ಅವನು ಗೋಳಿಮರದ ಕಡೆ ಮುಖ ಮಾಡಿ ಒಂದೊಂದೇ ಕೈ ಹಾಕಿದ. ಮೂವರು ಹುಡುಗರು ನೆಟ್ಟಗೆ ಹೋಗಿ ದಡ ಮುಟ್ಟಿದರು. ಇಬ್ಬರನ್ನು ನೀರು ಕೆಳಗೆ ಒಯ್ದು ಕೆಸರಿಗೆ ಹಾಕಿತು. ಬಚ್ಚ ಎಲ್ಲರಿಗಿಂತ ಕೊನೆಗೆ, ಆದರೆ ಸರಿಯಾಗಿ ಕಡವಿನ ಕಲ್ಲಿಗೇ ಬಂದು ಕೈ ಇಟ್ಟ.

“ಬೇಕಂತ್ಲೇ ಹಿಂದೆ ಉಳ್ದದ್ದ್ ಕಾಣಿ” ಎಂದರು ಉಮಾನಾಥ ಮಾಸ್ತರರು ಜನರ ಕಡೆ ತಿರುಗಿ. “ಹುಡ್ಗ್ರಿಗೆ ಬಿಟ್ಟ್ ಕೊಟ್ಟ. ಅದ್ ದೊಡ್ಡ ಗುಣ ಅಂದ್ರೆ.”

ಬಚ್ಚ ಏದುಸಿರು ಬಿಡುತ್ತ ಎದ್ದು ನಿಂತ. ಇನ್ನು ತಡಮಾಡಿದರೆ ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು; ತಡಮಾಡಿದರೆ ಏನಾಗುತ್ತದೆಂದು ಒಮ್ಮೆ ನೋಡಿದ್ದ.

“ಶೆಟ್ರೆ, ಒಂದ್ ಮಾತಿತ್ತ್. ದೋಣಿ ಮಗುಚಿದ ದಿನ ನಂಗೆ ಈಜು ಬತ್ತಿರ್ಲಿಲ್ಲ.”

ಹಿಂದಿನಿಂದ ಒಬ್ಬ ನಕ್ಕ. ಮಾಸ್ತರರೂ ನಕ್ಕರು. “ಈಗ ಹೊಳಿ ದಾಟಿ ಬಂದ್ ನಿಂತವ ಹೇಳು ಮಾತ್ ಕೇಣಿ.”

“ಹೌದ್. ಈಜು ಕಲ್ಸದ್ದ್ ಸೀತಕ್ಕ. ಆ ದಿನ ನನ್ನನ್ನೂ ಮಗೂನೂ ಮೇಲೆ ಹಾಕದ್ದೂ ಅವ್ಳೇ.”

ನಗು ಜೋರಾಯಿತು. ಪದ್ದುವಿನ ಅಬ್ಬೆ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಬಚ್ಚ ಸೀತುವಿನ ಕಡೆ ನೋಡಿದ. ಅವಳು ಗಳಕ್ಕೆ ಒರಗಿ ದೋಣಿಯಲ್ಲೇ ನಿಂತಿದ್ದಳು. ಅವಳಾದರೂ ಹೌದೆಂದಾಳು ಅಂದುಕೊಂಡ. “ಅವಂಗೆ ನೀರ್ ನೆತ್ತಿಗ್ ಹತ್ತಿತ್ತ್, ಬಿಸಿ ಎಂತಾರೂ ಕುಡುಕೆ ಕೊಡಿ” ಎಂದು, ತಾನು ಹೇಳಿದರೆ ಕೇಳುವವರಿಲ್ಲವೆಂದು ಬಲ್ಲವಳ ಹಾಗೆ, ಅವಳು ಬೇರೆ ಕಡೆ ತಿರುಗಿದಳು. ಮೂರೂವರೆ ತಿಂಗಳು ಒದ್ದಾಡಿ ಕಲಿತ ಈಜೇ ಅವನ ಮಾತಿಗೆ ಎದುರಾಗಿ ಸಾಕ್ಷಿ ಹೇಳುತ್ತಿತ್ತು. ಅಕ್ಟೋಬರಿನಲ್ಲಿ, ಸನ್ಮಾನದ ದಿನವೇ ಹೇಳಿದ್ದರೆ, ಅವನನ್ನು ಮಂಡಿ ದಾಟಿ ನೀರಿಗಿಳಿಸಿ ನೋಡಿ ನಂಬುತ್ತಿದ್ದರು. ಈಗ ನಂಬಿಸುವುದಕ್ಕೆ ಅವನ ಹತ್ತಿರ ಏನೂ ಉಳಿದಿರಲಿಲ್ಲ. ಬ್ಯಾಂಡಿನವರು ಶುರುಮಾಡಿದರು.

ಮಾಲೆ ಹಾಕಲು ಹರಿಣಾಕ್ಷಿಯನ್ನು ಮುಂದೆ ತಂದರು. ಹಿಂದೆ ಅವಳ ಭುಜದ ಮೇಲೆ ಕೈಯಿಟ್ಟು ಶೆಟ್ಟರು. ಬಚ್ಚ ಅವಳ ಎತ್ತರಕ್ಕೆ ಮಂಡಿಯೂರಿದ. ಬ್ಯಾಂಡಿನ ಗದ್ದಲದಲ್ಲಿ ಅವನ ಮಾತು ಕೇಳಿಸಿದ್ದು ಆ ಇಬ್ಬರಿಗೆ ಮಾತ್ರ.

“ಮಗಾ, ಆ ದಿನ ನಾನ್ ನಿನ್ನ ಹಿಡ್ದದ್ದ್ ನಿನ್ನ ಉಳ್ಸುಕಲ್ಲ. ನಾನ್ ಉಳಿಯುಕೆ.”

ಮಗು ಮಾಲೆ ಹಿಡಿದುಕೊಂಡೇ ಅವನ ಕೈಗಳನ್ನು ನೋಡಿತು. “ನಂಗೊತ್ತಿತ್ತ್. ನನ್ನ ಎತ್ತಿದ್ ಕೈಯಗೆ ಬಳೆ ಇದ್ದಿತ್ತ್. ಅಜ್ಜಯ್ಯನ ಹತ್ರ ಅವತ್ತೇ ಹೇಳಿದ್ದೆ.”

ಬಚ್ಚ ತಲೆಯೆತ್ತಿದ. ಶೆಟ್ಟರ ತುಟಿಯ ಮೇಲೆ ನಗು ಹಾಗೇ ಇತ್ತು, ಕಣ್ಣು ಮಾತ್ರ ನೆಲ ನೋಡಿತು. ಬಸ್ಸಿನ ಹಾರ್ನ್, ಎಲ್ಲರಿಗಿಂತ ಮೊದಲು ಎದ್ದ ಕಾಲು, ಜಾರಿದ ಕೈ. ಅವರಿಗೂ ಎಲ್ಲ ನೆನಪಿತ್ತು. ಮಾಲೆ, ಶಾಲು, ಮಾನಪತ್ರಗಳ ಕೆಳಗೆ ಅದು ನಾಲ್ಕು ತಿಂಗಳಿಂದ ಭದ್ರವಾಗಿತ್ತು.

ಮರಳಿ ಊರಿಗೆ ಹೋಗಲು ಮೊದಲ ದೋಣಿಯಲ್ಲಿ ಶೆಟ್ಟರು, ಮಗು, ಮಾಸ್ತರರು, ಪದ್ದು, ಅವಳ ಅಬ್ಬೆ, ಇನ್ನಿಬ್ಬರು. ಬಚ್ಚ ಒದ್ದೆ ಮೈಯಲ್ಲೇ ಗಳ ಹಿಡಿದ. ಸೀತು ತನ್ನ ಜಾಗದಲ್ಲಿ, ಅವನ ಕಾಲಬುಡದಲ್ಲಿ ಕೂತಳು. ಹೊಳೆಯ ನಡುವೆ ಬಂದಾಗ ಹರಿಣಾಕ್ಷಿ ಅಜ್ಜಯ್ಯನ ಪಕ್ಕದಿಂದ ಜಾರಿ, ಬಗ್ಗಿಕೊಂಡೇ ಹಿಂದಕ್ಕೆ ನಡೆದು, ಸೀತುವಿನ ಪಕ್ಕ ಒಸರು ನೀರಿನಲ್ಲಿ ಕೂತಳು. ಅವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಹಸಿರು ಬಳೆಗಳನ್ನು ಒಂದೊಂದಾಗಿ ಸರಿಸಿ ನೋಡಿದಳು.

“ಲಂಗ ಒದ್ದಿಯಾತ್ತ್ ಮಗಾ, ಅಲ್ಲಿ ಹೋಗ್” ಎಂದಳು ಸೀತು. ಮಗು ಹೋಗಲಿಲ್ಲ. ಮಾಸ್ತರರು ಏನೋ ಹೇಳಲು ಹೋದವರು ಶೆಟ್ಟರ ಮುಖ ನೋಡಿ ಬಾಯಿ ಮುಚ್ಚಿದರು. ಪದ್ದು ಗಂಡನನ್ನು ನೋಡಿದಳು, ಸೀತುವನ್ನು ನೋಡಿದಳು, ಮತ್ತೆ ಗಂಡನನ್ನು ನೋಡಿದಳು.

ದಡಕ್ಕೆ ನಾಲ್ಕು ಮಾರು ಉಳಿಯಿತು. ಎಲ್ಲರ ಕಣ್ಣೂ ಅಭ್ಯಾಸದಂತೆ ಶೆಟ್ಟರ ಕಡೆ ತಿರುಗಿದವು. ಶೆಟ್ಟರು ಏಳಲಿಲ್ಲ. ಎರಡು ಮಾರು. ದೋಣಿಯ ಮೂತಿ ಮರಳಿಗೆ ತಾಗಿ ನಿಂತಿತು. ಆಗಲೂ ಅವರು ಕೂತೇ ಇದ್ದರು. ಹಾಗಾಗಿ ಯಾರೂ ಏಳಲಿಲ್ಲ.

ಮಗು ಸೀತುವಿನ ಕೈ ಹಿಡಿದು ಎಬ್ಬಿಸಿತು. ಇಬ್ಬರೂ ನಡುವಿನ ಹಲಗೆಯ ಹತ್ತಿರ ಬಂದಾಗ ಶೆಟ್ಟರು ಪಂಚೆ ಎಳೆದುಕೊಂಡು, ಕಾಲು ಸರಿಸಿ ದಾರಿ ಬಿಟ್ಟರು. ಬಚ್ಚ ಗಳವನ್ನು ಎರಡೂ ಕೈಯಲ್ಲಿ ಕೆಸರಿಗೆ ಒತ್ತಿ, ಅವರು ಇಳಿಯುವವರೆಗೆ ದೋಣಿ ಅಲುಗದಂತೆ ಹಿಡಿದ.